ಸೊನ್ನೆ ಅಂಕ ಕೊಟ್ಟ ಸೊಸೆ: ನನ್ನ ಪಿಎಚ್.ಡಿ. ಅನುಭವ

ಮುಂಬಯಿಯ ಆಸ್ಪತ್ರೆಯೊಂದರಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ಹನ್ನೊಂದು ವರ್ಷ ದುಡಿದ ಮೇಲೆ ನಾನು ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದೆ. ಪಾರ್ಶ್ವವಾಯು ಬಡಿದವರನ್ನು ವಾರ್ಡಿನಿಂದ ಮನೆಗೆ ಕಳುಹಿಸುವಾಗ ಮನೆಯವರಿಗೆ ತಿಳಿವಳಿಕೆ ಹೇಳಿ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದು ನನ್ನ ಕೆಲಸ. ಸಹಿ ಹಾಕುತ್ತಿದ್ದವರು ಹೆಚ್ಚಾಗಿ ಹೆಂಡತಿಯರು, ಸೊಸೆಯರು, ಮದುವೆಯಾಗದ ಮಗಳಂದಿರು. ಮೂತ್ರದ ಚೀಲವನ್ನು ಕೈಯಲ್ಲಿ ಹಿಡಿದು ಟ್ಯಾಕ್ಸಿ ಹತ್ತಿದ ಆ ಹೆಂಗಸಿಗೆ ಮುಂದೇನಾಯಿತು ಎಂಬುದು ನಮ್ಮ ಯಾವ ದಾಖಲೆಯಲ್ಲೂ ಇರಲಿಲ್ಲ. ಅದನ್ನೇ ತಿಳಿಯಬೇಕೆಂದು ಹೊರಟೆ. ಮನೆಮಾತು ಕನ್ನಡವಾಗಿರುವ ಕುಟುಂಬಗಳನ್ನು ಆರಿಸಿಕೊಂಡೆ: ಡೊಂಬಿವಲಿ, ಭಾಂಡುಪ್‌ಗಳಲ್ಲಿರುವ ಕರಾವಳಿಯವರು, ಧಾರಾವಿಯಲ್ಲಿ ನೆಲೆಸಿದ ಕಲಬುರಗಿ, ವಿಜಯಪುರ ಕಡೆಯವರು.

ಪ್ರವೇಶ ಪರೀಕ್ಷೆ, ಸಂದರ್ಶನ, ಕೋರ್ಸ್‌ವರ್ಕ್ (ಸಂಶೋಧನೆಗೆ ಸಿದ್ಧಗೊಳಿಸುವ ತರಗತಿ ಪಾಠಗಳು) ಇವೆಲ್ಲ ಕುಳಿತು ಓದಿದರೆ ದಾಟಬಹುದಾದ ಹಂತಗಳು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಗಳಲ್ಲಿ ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್, ಪದವಿಯ ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಕೆಲಸದಲ್ಲಿ ಇರುವವರು ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತಂದರೆ ಅರೆಕಾಲಿಕವಾಗಿಯೂ ಮಾಡಬಹುದು. ನೌಕರಿ, ಸಂಸಾರ ಎರಡನ್ನೂ ಬಿಡಲಾಗದವರು ಮೊದಲೇ ಆರು ವರ್ಷವೆಂದು ಲೆಕ್ಕ ಹಾಕಿಕೊಳ್ಳಲಿ. ಮೂರೇ ವರ್ಷದಲ್ಲಿ ಮುಗಿಸುತ್ತೇನೆಂದು ಮನೆಯಲ್ಲಿ ಮಾತು ಕೊಟ್ಟು ನಾನು ತುಂಬಾ ನೊಂದೆ.

ನನ್ನ ಮೊದಲ ಯೋಜನೆ ಅಂಕಿಗಳದ್ದಾಗಿತ್ತು. ಆರೈಕೆ ಮಾಡುವವರ ಭಾರವನ್ನು ಅಳೆಯಲು ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಜಾರಿಟ್ ಪ್ರಶ್ನಾವಳಿಯಲ್ಲಿ 22 ಪ್ರಶ್ನೆಗಳಿವೆ. ಒಂದೊಂದಕ್ಕೂ 0ಯಿಂದ 4ರವರೆಗೆ ಅಂಕ, ಒಟ್ಟು 88. ಕನ್ನಡಕ್ಕೆ ತಂದದ್ದನ್ನು ಬೇರೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ, ಮೂಲದೊಡನೆ ಹೋಲಿಸಿದೆವು. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. ಪ್ರಶ್ನಾವಳಿಯನ್ನು ಕೆಲವು ಮನೆಗಳಲ್ಲಿ ಮೊದಲು ಪ್ರಯೋಗಿಸಿ ನೋಡುವ ಪೂರ್ವಪರೀಕ್ಷೆಯ ಮೂರನೆಯ ಮನೆಯಲ್ಲಿ ಕೊನೆಯ ಪ್ರಶ್ನೆಗೆ ಬಂದೆ: ಒಟ್ಟಾರೆಯಾಗಿ ಇವರ ಆರೈಕೆ ನಿಮಗೆ ಎಷ್ಟು ಹೊರೆ ಎನಿಸುತ್ತದೆ? ಅತ್ತೆಯನ್ನು ನೋಡಿಕೊಳ್ಳುತ್ತಿದ್ದ ಆ ಮನೆಯ ಸೊಸೆ ನನ್ನ ಮುಖವನ್ನೇ ನೋಡಿದರು. "ಹೊರೆ ಎನ್ನಲು ಅವರೇನು ಸೌದೆಯ ಕಟ್ಟೇ ಅಕ್ಕಾ?" ಎಂದರು. ಹೊರೆ ಇಲ್ಲವೆಂದು ಸೊನ್ನೆ ಬರೆದುಕೊಂಡೆ. ನನ್ನನ್ನು ಬೀಳ್ಕೊಡಲು ಮೆಟ್ಟಿಲವರೆಗೆ ಬಂದವರು, ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಿ ಎರಡು ವರ್ಷವಾಯಿತೆಂದು ಕಣ್ಣೊರೆಸಿಕೊಂಡರು.

ಪ್ರಶ್ನೆಯನ್ನಷ್ಟೇ ದೂರಿ ಫಲವಿಲ್ಲ. ಆ ಮನೆ ಎಂದರೆ ಹತ್ತಡಿಗೆ ಹತ್ತಡಿಯ ಒಂದೇ ಖೋಲಿ, ಅಂದರೆ ಕೋಣೆ. ಅತ್ತೆಯ ಮಂಚ ನಮ್ಮಿಂದ ಮೂರು ಹೆಜ್ಜೆ ದೂರ. ಪಾರ್ಶ್ವವಾಯುವಿನಿಂದ ಅವರ ಮಾತು ಹೋಗಿತ್ತು, ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಅವರ ಎದುರಿಗೇ ಸೊಸೆಯನ್ನು ಹಾಗೆ ಕೇಳಿದ್ದು ಕ್ರೌರ್ಯ. ಇದು ನನಗೆ ಹೊಳೆದದ್ದು ಮನೆಗೆ ಮರಳುವ ಲೋಕಲ್ ರೈಲಿನಲ್ಲಿ. ಆ ರಾತ್ರಿ ಊಟ ಸೇರಲಿಲ್ಲ.

ಅಲ್ಲಿಂದ ಯೋಜನೆಯನ್ನೇ ಬದಲಾಯಿಸಿದೆ. ಅಂಕಗಳನ್ನು ಕೈಬಿಟ್ಟು ಆಳ ಸಂದರ್ಶನಗಳಿಗೆ ಹೊರಳಿದೆ. ಚಾಳಿನ (ಸಾಲು ಕೋಣೆಗಳ ವಠಾರದ) ಗ್ಯಾಲರಿ ಎಂದರೆ ಕೋಣೆಗಳ ಮುಂದಿನ ಉದ್ದ ಮೊಗಸಾಲೆ, ತಾರಸಿ, ಮೆಟ್ಟಿಲು, ಹೀಗೆ ಅವರು ಹೇಳಿದ ಜಾಗದಲ್ಲಿ ಮಾತುಕತೆ. ಅಷ್ಟು ಹೊತ್ತು ರೋಗಿಯ ಬಳಿ ಕುಳಿತಿರಲು ಒಬ್ಬ ದಾದಿಯನ್ನು ಜೊತೆಗೆ ಕರೆದೊಯ್ಯುತ್ತಿದ್ದೆ. ಬೆಳಿಗ್ಗೆ ನಲ್ಲಿ ನೀರು ಹಿಡಿಯುವ ಗಡಿಬಿಡಿ, ಸಂಜೆ ಶಾಲೆಯಿಂದ ಮಕ್ಕಳು. ಆದ್ದರಿಂದ ಮಧ್ಯಾಹ್ನ ಎರಡರಿಂದ ನಾಲ್ಕು. ಇಂಥ ಬದಲಾವಣೆಗಳನ್ನು ನಮ್ಮಷ್ಟಕ್ಕೆ ನಾವೇ ಮಾಡಿಕೊಳ್ಳುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಗಳಂತೆ ತಿದ್ದಿದ ಯೋಜನೆ, ಹೊಸ ಒಪ್ಪಿಗೆ ಪತ್ರ, ಅದರ ಕನ್ನಡ ರೂಪ ಎಲ್ಲವೂ ಮತ್ತೆ ನೈತಿಕ ಸಮಿತಿಯ ಮುಂದೆ ಹೋಗಬೇಕು. ಓದಲು ಬಾರದವರ ಹೆಬ್ಬೆಟ್ಟಿಗೆ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಇರಬೇಕು. ಮೂರು ತಿಂಗಳು ಕಳೆದವು. ಆ ಮೂರು ತಿಂಗಳಿಗಾಗಿ ನನಗೆ ಕಿಂಚಿತ್ತೂ ವಿಷಾದವಿಲ್ಲ.

ಗ್ಯಾಲರಿಗೆ ಬಂದ ಮೇಲೆ ಮಾತು ತಾನಾಗಿ ಹರಿಯಿತು. ಕರಾವಳಿಯ ಹೆಂಗಸರು "ಹೊರೆ" ಎನ್ನಲಿಲ್ಲ, "ಆರೈಕೆ" ಎಂದೂ ಅನ್ನಲಿಲ್ಲ. "ಅತ್ತೆಯ ಚಾಕರಿ" ಎಂದರು. ಮರಾಠಿ ಮನೆಮಾತಿನ ನನ್ನ ಮಾರ್ಗದರ್ಶಕರಿಗೆ ಅದು ಒಡೆಯನ ಕೈಕೆಳಗಿನ ದುಡಿಮೆಯಾಗಿ ಕೇಳಿಸಿತು. ಸೊಸೆಯರ ಶೋಷಣೆ ಎಂಬ ಶೀರ್ಷಿಕೆಯ ಕೆಳಗೆ ಅದನ್ನು ಸೇರಿಸಲು ಸೂಚಿಸಿದರು. ಮೇಡಂ, ಈ ಮನೆಗಳಲ್ಲಿ ಚಾಕರಿ ಎಂದರೆ ಹಾಸಿಗೆ ಹಿಡಿದವರ ಮೈ ಒರೆಸುವುದು, ಗಂಜಿ ಕುಡಿಸುವುದು. ತಾಯಿಗೆ ಮಗಳು ಮಾಡುವುದೂ ಚಾಕರಿಯೇ ಎಂದು ವಿವರಿಸಿದೆ. ಅದರಲ್ಲಿ ದಣಿವೂ ಇದೆ, "ನಾನು ಮಾಡಿದೆ" ಎಂಬ ಹೆಮ್ಮೆಯೂ ಇದೆ. ಒಂದನ್ನು ತೆಗೆದು ಇನ್ನೊಂದನ್ನು ಉಳಿಸಿಕೊಳ್ಳಲು ಬರುವುದಿಲ್ಲ. ಅವರು ಎರಡು ಸಂದರ್ಶನಗಳನ್ನು ಪೂರ್ತಿ ಓದಿಸಿ ಕೇಳಿ ಒಪ್ಪಿದರು.

ಹೊಸದಾಗಿ ಸೇರುವವರಿಗೆ ನಾನು ಒತ್ತಿ ಹೇಳುವುದು ಇದನ್ನೇ: ಕನ್ನಡದ ಸಂದರ್ಶನಗಳನ್ನು ಇಂಗ್ಲಿಷಿಗೆ ತಿರುಗಿಸಿದ ಮೇಲೆ ವಿಶ್ಲೇಷಿಸಬೇಡಿ. ನಾನು ಧ್ವನಿಮುದ್ರಿಕೆಯನ್ನು ಕನ್ನಡದಲ್ಲೇ ಅಕ್ಷರಕ್ಕಿಳಿಸಿದೆ, ಒಂದೊಂದು ಮಾತಿನ ತಿರುಳನ್ನು ಸೂಚಿಸುವ ಸಂಕೇತಗಳನ್ನೂ ಕನ್ನಡದಲ್ಲೇ ಕೊಟ್ಟೆ. ಅವುಗಳ ಚೀಟಿಗಳನ್ನು ಚಾಪೆಯ ಮೇಲೆ ಹರಡಿ ಗುಂಪು ಮಾಡಿದೆ. ಪ್ರಬಂಧಕ್ಕೆ ಬೇಕಾದ ಉಲ್ಲೇಖಗಳನ್ನಷ್ಟೇ ಕೊನೆಯಲ್ಲಿ ಅನುವಾದಿಸಿದೆ. ಒಂದು ಗಂಟೆಯ ಮಾತಿಗೆ ಒಂದು ಭಾನುವಾರವೇ ಹಿಡಿಯುತ್ತಿತ್ತು. ಮೌಖಿಕ ಪರೀಕ್ಷೆಯಲ್ಲಿ "ಚಾಕರಿ" ಎಂಬುದನ್ನು ಇಂಗ್ಲಿಷಿನಲ್ಲೂ ಹಾಗೆಯೇ ಏಕೆ ಉಳಿಸಿದಿರಿ ಎಂಬ ಪ್ರಶ್ನೆ ಬಂದಾಗ, ಉತ್ತರಕ್ಕೆ ನಾನು ತಡಕಾಡಬೇಕಾಗಲಿಲ್ಲ.

ಪ್ರಬಂಧ ಇಂಗ್ಲಿಷಿನಲ್ಲಿದೆ. ಆ ಮನೆಗಳಿಗಾಗಿ ನಾಲ್ಕು ಪುಟಗಳ ಕನ್ನಡ ಸಾರಾಂಶ ಸಿದ್ಧಪಡಿಸಿ, ಮಧ್ಯಾಹ್ನ ಎರಡು ಗಂಟೆಗೆ ಅದೇ ಮೆಟ್ಟಿಲ ಮೇಲೆ ಕುಳಿತು ಓದಿ ಹೇಳಿದೆ. ಸೊನ್ನೆ ಅಂಕ ಕೊಟ್ಟಿದ್ದ ಸೊಸೆ ನಡುವೆ ತಡೆದರು. "ರಾತ್ರಿ ಎರಡು ಸಲವಲ್ಲ ಅಕ್ಕಾ, ಮೂರು ಸಲ ಏಳುತ್ತಿದ್ದೆ." ಪೆನ್ನು ತೆಗೆದು ತಿದ್ದಿದೆ. ಅವರು ಬಗ್ಗಿ ನೋಡಿ, ಸರಿಯಾಯಿತೆಂದು ತಲೆಯಾಡಿಸಿದರು.