ಸ್ಕೇಟ್‌ಬೋರ್ಡಿನ ಅಡಿಗೆ ಕನ್ನಡ ಅಕ್ಷರ ಬರೆಯುವ ಕೆಲಸ

ಸ್ಕೇಟ್‌ಬೋರ್ಡಿನ ಚಿತ್ರ ಇರುವುದು ಕಾಲಿಡುವ ಕಡೆ ಅಲ್ಲ, ಅಡಿಯಲ್ಲಿ. ಮೇಲ್ಗಡೆ ಉಪ್ಪುಕಾಗದದಂಥ ಗ್ರಿಪ್ ಟೇಪ್ ಅಂಟಿಸಿರುತ್ತಾರೆ. ಬೋರ್ಡು ಅಂಗಡಿಯ ಗೋಡೆಯಲ್ಲಿ ತೂಗುವಾಗ, ಇಲ್ಲವೇ ಗಾಳಿಯಲ್ಲಿ ತಿರುಗುವಾಗ ಮಾತ್ರ ಚಿತ್ರ ಕಣ್ಣಿಗೆ ಬೀಳುತ್ತದೆ. ಆಡಲು ಶುರುಮಾಡಿದ ಕೂಡಲೇ ಕಬ್ಬಿಣದ ಕಂಬಿ, ಕಾಂಕ್ರೀಟ್ ಕಟ್ಟೆಗಳಿಗೆ ಉಜ್ಜಿ ಅದು ಸವೆಯತೊಡಗುತ್ತದೆ. ಸವೆದುಹೋಗುವ ಜಾಗಕ್ಕೆ ಇಷ್ಟೊಂದು ಶ್ರದ್ಧೆಯಿಂದ ಚಿತ್ರ ಬರೆಯುವವರಿದ್ದಾರೆ ಎಂಬುದೇ ನನ್ನನ್ನು ಗ್ರಾಫಿಕ್ ಡಿಸೈನಿಗೆ ಎಳೆದು ತಂದಿದ್ದು.

ನನ್ನನ್ನು ಮೊದಲು ಹಿಡಿದಿಟ್ಟವರು ಜಿಮ್ ಫಿಲಿಪ್ಸ್. ಸಾಂತಾ ಕ್ರೂಝ್ ಎಂಬ ಸ್ಕೇಟ್‌ಬೋರ್ಡ್ ಕಂಪನಿಗೆ 1985ರಲ್ಲಿ ಅವರು ಬರೆದ ‘ಸ್ಕ್ರೀಮಿಂಗ್ ಹ್ಯಾಂಡ್’, ಅಂದರೆ ಅಂಗೈಯಲ್ಲಿ ಬಾಯ್ದೆರೆದು ಕಿರುಚುವ ನೀಲಿ ಕೈ, ಇವತ್ತಿಗೂ ಸ್ಟಿಕ್ಕರುಗಳಲ್ಲಿ ಓಡಾಡುತ್ತಿದೆ. ಅದರ ಹೊರಗೆರೆಯನ್ನು ನಾನು ಎಷ್ಟೋ ಸಲ ತಿದ್ದಿದ್ದೇನೆ. ಬೆರಳ ತುದಿಯಲ್ಲಿ ತೆಳು, ಮಡಿಕೆಯಲ್ಲಿ ದಪ್ಪ. ದೂರದಿಂದಲೂ ಒಂದೇ ನೋಟಕ್ಕೆ ಗುರುತು ಸಿಗಬೇಕು ಎನ್ನುವ ಹಟ ಆ ಒಂದೊಂದು ಗೆರೆಯಲ್ಲೂ ಇದೆ.

ಆಮೇಲೆ ಡೇವಿಡ್ ಕಾರ್ಸನ್. ಸಮಾಜಶಾಸ್ತ್ರದ ಮೇಷ್ಟರಾಗಿದ್ದ, ಅಲೆಗಳ ಮೇಲೆ ಸರ್ಫಿಂಗ್ ಮಾಡುತ್ತಿದ್ದ ಈ ಮನುಷ್ಯ 80ರ ದಶಕದಲ್ಲಿ ‘ಟ್ರಾನ್ಸ್‌ವರ್ಲ್ಡ್ ಸ್ಕೇಟ್‌ಬೋರ್ಡಿಂಗ್’ ಪತ್ರಿಕೆಯ ಪುಟ ವಿನ್ಯಾಸ ನೋಡಿಕೊಂಡರು. 1992ರಲ್ಲಿ ಶುರುವಾದ ಸಂಗೀತ ಪತ್ರಿಕೆ ‘ರೇ ಗನ್’ ಅವರ ಹೆಸರನ್ನು ಎಲ್ಲ ಕಡೆ ಹಬ್ಬಿಸಿತು. ಅಕ್ಷರಗಳನ್ನು ಒಡೆದು ಚೆಲ್ಲಿದವರು ಎಂದಷ್ಟೇ ಅವರನ್ನು ನೆನೆಯುತ್ತಾರೆ. ನನಗೆ ಅವರಿಂದ ಸಿಕ್ಕಿದ್ದು ಬೇರೆ. ಸ್ಕೇಟ್ ಪತ್ರಿಕೆಗಳಲ್ಲಿ ಒಂದೇ ಜಿಗಿತವನ್ನು ಸಾಲು ಸಾಲು ಫೋಟೋಗಳಲ್ಲಿ ತೋರಿಸುವ ರೂಢಿ ಇದೆ. ಆ ಸಾಲನ್ನು ನೋಡುತ್ತಾ ಹೋದರೆ ಪುಟಕ್ಕೂ ವೇಗ ಇರುತ್ತದೆ, ಖಾಲಿ ಜಾಗವೂ ಆ ವೇಗದ ಪಾಲು ಎಂಬುದು ಅರ್ಥವಾಗುತ್ತದೆ. ಕಾರ್ಸನ್ ಅಕ್ಷರಗಳನ್ನು ಓಡಿಸಿದ್ದು ಅದೇ ಲೆಕ್ಕದಲ್ಲಿ ಎಂದೇ ನನ್ನ ನಂಬಿಕೆ.

ಇನ್ನು ‘ಥ್ರಾಷರ್’. 1981ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ಸ್ಕೇಟ್ ಪತ್ರಿಕೆ. ಸ್ಕೇಟಿಂಗ್ ಗೊತ್ತಿಲ್ಲದವರೂ ಅದರ ಹೆಸರಿರುವ ಟೀ ಶರ್ಟ್ ಹಾಕುತ್ತಾರೆ. ಆ ಅಕ್ಷರಗಳು ಬ್ಯಾಂಕೊ ಎಂಬ ಫಾಂಟಿನವು. ಫ್ರಾನ್ಸಿನ ರೋಜೆ ಎಕ್ಸ್‌ಕೊಫೋನ್ 1951ರಲ್ಲಿ ಮಾಡಿದ್ದು. ತಗಡಿನ ಪಟ್ಟಿಗಳನ್ನು ಕತ್ತರಿಸಿ ಓರೆಯಾಗಿ ನಿಲ್ಲಿಸಿದಂತೆ ಕಾಣುತ್ತವೆ. ಅದರ ಓರೆಯನ್ನೇ ಎತ್ತಿ ತಂದು ಕನ್ನಡಕ್ಕೆ ತೊಡಿಸಿ, ಸುತ್ತ ಬೆಂಕಿಯ ಚಿತ್ರ ಹಾಕಿದ ಟೀ ಶರ್ಟುಗಳು ನಮ್ಮಲ್ಲೂ ಬಂದವು. ನನಗೆ ಅವು ಸೇರುವುದಿಲ್ಲ. ಎಕ್ಸ್‌ಕೊಫೋನ್ ತಮ್ಮ ಲಿಪಿಯ ಮೂಳೆ ಎಲ್ಲಿ ಬಾಗುತ್ತದೆಂದು ನೋಡಿ ಅಲ್ಲಿ ಕತ್ತರಿಸಿದರು. ಕನ್ನಡದ ಮೂಳೆ ಬೇರೆ ಕಡೆ ಬಾಗುತ್ತದೆ.

ಅದು ಎಲ್ಲಿ ಎಂದು ತಿಳಿಯಲು ನಾನು ಹೋಗಿ ಕೂತದ್ದು ಅಂಗಡಿ ಬೋರ್ಡ್ ಬರೆಯುವವರ ಪಕ್ಕ. ಲಾರಿಯ ಹಿಂಬದಿ, ಕಿರಾಣಿ ಅಂಗಡಿಯ ಹೆಸರು ಬರೆಯುವ ಪೇಂಟರುಗಳು ಸೀಮೆಸುಣ್ಣ ಬಳಿದ ದಾರ ಎಳೆದು ಗೆರೆ ಹೊಡೆದುಕೊಳ್ಳುತ್ತಾರೆ. ಆಮೇಲೆ ಚಪ್ಪಟೆ ಬ್ರಷ್ಷನ್ನು ಬೆರಳುಗಳ ನಡುವೆ ಹೊರಳಿಸುತ್ತಾ ಹೋಗುತ್ತಾರೆ. ‘ದ’ದ ಹೊಟ್ಟೆ ತಿರುಗುವಾಗ ಬ್ರಷ್ಷೂ ತಿರುಗುತ್ತದೆ, ದಪ್ಪ–ತೆಳು ಅಲ್ಲೇ ಹುಟ್ಟುತ್ತದೆ. ತಲೆಕಟ್ಟನ್ನು ಬಹಳ ಮಂದಿ ಕೊನೆಗೆ, ಒಂದೇ ಬೀಸಿನಲ್ಲಿ ಹಾಕುತ್ತಾರೆ. ಅಕ್ಷರ ತುಂಬಾ ದಪ್ಪವಾದರೆ ಮಹಾಪ್ರಾಣದ ಕೆಳಗಿನ ಸೀಳು ಮುಚ್ಚಿ ‘ಧ’ ಹೋಗಿ ‘ದ’ ಆಗುತ್ತದೆ ಎಂಬುದನ್ನು ಯಾವ ಪುಸ್ತಕಕ್ಕಿಂತ ಮೊದಲು ಅವರ ಬಾಯಲ್ಲೇ ಕೇಳಿದ್ದೆ.

ಇನ್ನೊಂದು ಮೂಲ ಮಲೆನಾಡಿನದು. ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಬರೆಯುವ ಚಿತ್ತಾರ. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿ ಅರೆದ ಬಿಳಿ, ಪುಂಡಿ ನಾರಿನ ಕುಂಚ. ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೂ ಅದೇ ಗೆರೆ. ನಮ್ಮ ಮೊದಲ ಡೆಕ್ಕಿಗೆ ಬಣ್ಣ ಹುಡುಕುವಾಗ ಇದಕ್ಕಿಂತ ಸರಿಯಾದದ್ದು ನನಗೆ ತೋಚಲಿಲ್ಲ.

ಡೆಕ್ ಅಂದರೆ ಮೇಪಲ್ ಮರದ ಏಳು ತೆಳು ಪದರಗಳನ್ನು ಅಂಟಿಸಿ ಒತ್ತಿದ ಹಲಗೆ. ಸುಮಾರು 8 ಇಂಚು ಅಗಲ, 32 ಇಂಚು ಉದ್ದ. ಪದರಗಳಿಗೆ ಬಣ್ಣ ಹಾಕಿಸಬಹುದು. ನಾನು ತಳದ ಪದರಕ್ಕೇ ಕೆಮ್ಮಣ್ಣಿನ ಬಣ್ಣ ಕೇಳಿದೆ. ಮೇಲೆ ಕಪ್ಪು ಹಿನ್ನೆಲೆ, ಬಿಳಿ ಅಕ್ಷರ. ಹುಡುಗರು ಕಂಬಿಯ ಮೇಲೆ ಜಾರಿದಂತೆಲ್ಲ ಕಪ್ಪು ಕಿತ್ತು ಕೆಂಪು ಹೊರಗೆ ಬರುತ್ತದೆ. ಬೋರ್ಡ್‌ಸ್ಲೈಡ್ ಮಾಡುವಾಗ ಹಲಗೆ ಕಂಬಿಗೆ ಅಡ್ಡಲಾಗಿ ಕೂರುವುದರಿಂದ ಗೀರುಗಳು ನಡುಭಾಗದಲ್ಲಿ, ಅಗಲಕ್ಕೆ ಬೀಳುತ್ತವೆ. ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳದೆ ಡೆಕ್ ಡಿಸೈನ್ ಮಾಡುವುದರಲ್ಲಿ ಅರ್ಥವಿಲ್ಲ.

ಬರೆದ ಪದ ‘ಎದ್ದೇಳು’. ಮೂರು ಅಕ್ಷರ, ಒಂದರ ಕೆಳಗೊಂದು. ಇಂಗ್ಲಿಷನ್ನು ಹೀಗೆ ಪೇರಿಸಿದರೆ ಒಂದೊಂದು ಅಕ್ಷರವೂ ಒಂಟಿಯಾಗಿ ನಿಲ್ಲುತ್ತದೆ. ಕನ್ನಡದಲ್ಲಿ ಒತ್ತಕ್ಷರ ತಾನಾಗಿಯೇ ಕೆಳಗಿಳಿದು ಮುಂದಿನದರ ಕೈಹಿಡಿಯುತ್ತದೆ. ತೊಡಕು ಬಲಗಡೆ ಇತ್ತು. ‘ದ್ದೇ’ಯ ದೀರ್ಘವೂ ‘ಳು’ವಿನ ಕೊಂಬೂ ಬಲಕ್ಕೇ ಚಾಚುವುದರಿಂದ ಇಡೀ ಪದ ಅತ್ತ ವಾಲುತ್ತದೆ. ಸಿದ್ಧ ಫಾಂಟಿನಲ್ಲಿ ಒತ್ತೂ ಬಲಕ್ಕೆ ಸರಿದು ಕೂರುತ್ತದೆ. ಕೈಯಲ್ಲಿ ಬರೆಯುವಾಗ ಆ ಒತ್ತನ್ನು ಎಡಕ್ಕೆ ಎಳೆದು, ‘ದ’ದ ಹೊಟ್ಟೆಯ ನೇರ ಕೆಳಗೆ ತಂದು ಅಗಲಿಸಿದೆ. ವಾಲಿಕೆ ನಿಂತಿತು. ನಡುವಿನ ಅಕ್ಷರವೇ ಮೊದಲು ಉಜ್ಜಿಹೋಗುವುದರಿಂದ ಅದನ್ನು ಉಳಿದೆರಡಕ್ಕಿಂತ ದಪ್ಪ ಮಾಡಿದೆ. ಹಲಗೆಯಲ್ಲಿ ಟ್ರಕ್, ಅಂದರೆ ಚಕ್ರ ಹಿಡಿದಿಡುವ ಲೋಹದ ಅಚ್ಚು, ಕೂರಿಸುವ ಎಂಟು ತೂತುಗಳಿರುತ್ತವೆ. ‘ಎ’ಯ ಸುರುಳಿ, ‘ಳು’ವಿನ ಕೊಂಬು ಎರಡನ್ನೂ ಅವುಗಳಿಂದ ದೂರ ಇಡಬೇಕಾಯಿತು.

ಸ್ಕೆಚ್ಚನ್ನು ನಾನು ಯಾವಾಗಲೂ ನಿಜ ಅಳತೆಯಲ್ಲೇ, ಡೆಕ್ಕಿನ ಆಕಾರಕ್ಕೆ ಕತ್ತರಿಸಿದ ನ್ಯೂಸ್‌ಪ್ರಿಂಟ್ ಮೇಲೆ ಬ್ರಷ್ಷಿನಲ್ಲಿ ಮಾಡುತ್ತೇನೆ. ಪರದೆಯ ಮೇಲೆ ಚೆನ್ನಾಗಿ ಕಾಣುವುದು ಮೂತಿ ಮತ್ತು ಬಾಲ ಮೇಲಕ್ಕೆ ಬಾಗುವ ಕಡೆ ಕುಗ್ಗಿ ಕಾಣುತ್ತದೆ. ಸರಿಬಂದ ಮೇಲಷ್ಟೇ ಕಂಪ್ಯೂಟರಿನಲ್ಲಿ ವೆಕ್ಟರ್, ಅಂದರೆ ಪಾಯಿಂಟುಗಳನ್ನು ಗೆರೆಯಿಂದ ಜೋಡಿಸಿ ಮಾಡುವ ಚಿತ್ರ. ತಿರುವಿನ ತುತ್ತತುದಿಗಳಲ್ಲಿ ಮಾತ್ರ ಪಾಯಿಂಟ್ ಇಟ್ಟು, ಉಳಿದದ್ದನ್ನು ಹಿಡಿಕೆಗಳ ಎಳೆತಕ್ಕೆ ಬಿಡುತ್ತೇನೆ. ಪಾಯಿಂಟ್ ಹೆಚ್ಚಾದಷ್ಟೂ ಬ್ರಷ್ಷಿನ ಬೀಸು ಸಾಯುತ್ತದೆ. ಈಗ ಹೆಚ್ಚಿನ ಡೆಕ್ಕುಗಳಿಗೆ ಚಿತ್ರವನ್ನು ಫಿಲಂ ಮೇಲೆ ಮುದ್ರಿಸಿ ಬಿಸಿ ರೋಲರಿನಿಂದ ಒತ್ತುತ್ತಾರೆ. ಬಾಗಿದ ಹಲಗೆಗೆ ಸ್ಕ್ರೀನ್ ಪ್ರಿಂಟ್ ಕಷ್ಟದ ಕೆಲಸ. ಆದರೂ ಶಾಯಿ ಮರಕ್ಕೆ ಹತ್ತಿಕೊಳ್ಳುವ ಬಗೆಯೇ ಬೇರೆ. ಎರಡೇ ಬಣ್ಣ ಇದ್ದದ್ದರಿಂದ ನಾವು ಸ್ಕ್ರೀನ್‌ಗೇ ಹೋದೆವು.

ಬೆಂಗಳೂರಿನಲ್ಲಿ 2013ರಲ್ಲಿ ಹೋಲಿಸ್ಟೋನ್ಡ್ ಎಂಬ ಸ್ಕೇಟರುಗಳ ಬಳಗ ಎಲ್ಲರಿಗೂ ತೆರೆದ ಸ್ಕೇಟ್‌ಪಾರ್ಕ್ ಕಟ್ಟಿತು. ಹುಡುಗಿಯರ ಸ್ಕೇಟ್ ಬಳಗ ಗರ್ಲ್ ಸ್ಕೇಟ್ ಇಂಡಿಯಾ ಹುಟ್ಟುಹಾಕಿದ ಅತಿತಾ ವರ್ಗೀಸ್ ಇದೇ ಊರಿನವರು. ಈಗ ಆಡುವ ಮಕ್ಕಳಲ್ಲಿ ಕನ್ನಡ ಮಾತಾಡುವವರು ಬಹಳ ಇದ್ದಾರೆ, ಆದರೆ ಅವರ ಕಾಲಡಿಯ ಅಕ್ಷರಗಳು ಹೆಚ್ಚುಪಾಲು ಕ್ಯಾಲಿಫೋರ್ನಿಯಾದವು. ಮುಂದಿನ ಡೆಕ್ಕಿಗೆ ‘ತ’, ‘ನ’, ‘ಯ’ಗಳ ಒತ್ತು ಬರುವ ಪದಗಳನ್ನು ಜೋಡಿಸುತ್ತಿದ್ದೇನೆ. ಅವುಗಳ ಒತ್ತು ಮೂಲ ಅಕ್ಷರವನ್ನು ಹೋಲುವುದೇ ಇಲ್ಲ, ಹಾಗಾಗಿ ಎಳೆದಾಡಲು ಜಾಗ ಹೆಚ್ಚು. ಹಲಗೆ ಈ ಸಲ 8.25 ಇಂಚಿನದು; ಕೊಂಬಿಗೆ ಆ ಕಾಲಿಂಚು ಬೇಕೇ ಬೇಕು.