ಬಣ್ಣ ಕೆರೆಯದೆ ಹಳೆ ಸೈಕಲ್ ಎಬ್ಬಿಸಿದ್ದು

ಹಳೆ ಸೈಕಲ್ ರಿಪೇರಿಗೆ ಒಯ್ದರೆ ಮೊದಲು ಬರುವ ಮಾತು ಒಂದೇ: "ಪೂರ್ತಿ ಕೆರೆದು ಹೊಸಾ ಪೇಂಟ್ ಹೊಡೆಸಿಬಿಡು ತಮಾ, ಫಳಫಳ ಹೊಳೀತದೆ." ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯ ಅಟ್ಟದಿಂದ ನನ್ನ ಬಾಲ್ಯದ ಇಪ್ಪತ್ತು ಇಂಚಿನ ಹರ್ಕ್ಯುಲಿಸ್ ಇಳಿಸಿದಾಗ ನನಗೂ ಅದನ್ನೇ ಹೇಳಿದರು. ನಾನು ಒಪ್ಪಲಿಲ್ಲ. ಮರೂನ್ ಬಣ್ಣ, ಅದರ ಮೇಲೆ ಬಂಗಾರದ ಗೆರೆ, ಚೈನ್ ಕವರಿನ ಅಕ್ಷರ, ನನ್ನ ಮೊಣಕಾಲು ತಾಗಿ ತಾಗಿ ಬಾರಿನ ಮೇಲೆ ಸವೆದ ಜಾಗ. ಇದನ್ನೆಲ್ಲ ಯಾವ ಪೇಂಟರೂ ತಿರುಗಿ ತಂದುಕೊಡಲಾರ.

ಕರಾವಳಿಯಲ್ಲಿ ಸೈಕಲ್ಲನ್ನು ತಿನ್ನುವುದು ಮಳೆಗಿಂತ ಹೆಚ್ಚಾಗಿ ಉಪ್ಪು. ಗಾಳಿಯಲ್ಲಿ ಬಂದ ಉಪ್ಪು ಪೇಂಟಿನ ಸಣ್ಣ ಬಿರುಕಿನಲ್ಲಿ ಕೂತು ತೇವ ಎಳೆದುಕೊಳ್ಳುತ್ತದೆ. ತುಕ್ಕು ಒಳಗಿಂದಲೇ ಹಬ್ಬಿ ಬಣ್ಣವನ್ನು ಮೇಲೆತ್ತುತ್ತದೆ. ಹಾಗಾಗಿ ಮೊದಲ ಕೆಲಸ ಬಾವಿಯ ಸಿಹಿನೀರಿನಲ್ಲಿ ತೊಳೆಯುವುದು. ಸೌಮ್ಯವಾದ ಸೋಪು, ಮೆತ್ತನೆಯ ಹತ್ತಿಬಟ್ಟೆ, ಇಷ್ಟೇ. ರಭಸದ ನೀರು ಬಿಟ್ಟರೆ ಉಬ್ಬಿದ ಬಣ್ಣ ಹಾರಿಹೋಗುತ್ತದೆ. ಥಿನ್ನರನ್ನಂತೂ ಹತ್ತಿರ ತರಲೇಬಾರದು, ಚೈನ್ ಕವರಿನ ಅಕ್ಷರ ಒಂದೇ ಒರೆಸಿಗೆ ಅಳಿಸಿಹೋದೀತು.

ಸೀಟಿನ ಪೈಪು ಫ್ರೇಮಿನೊಳಗೆ ತುಕ್ಕು ಹಿಡಿದು ಬಿಗಿದಿತ್ತು. ಗ್ಯಾಸ್ ಬೆಂಕಿ ಹಿಡಿದರೆ ಬೇಗ ಬಿಡುತ್ತದೆ, ಆದರೆ ಸುತ್ತಲಿನ ಪೇಂಟ್ ಸುಟ್ಟು ಕಪ್ಪಾಗುತ್ತದೆ. ನಾನು ಎರಡೂ ಪೆಡಲಿನ ಕಾಲುಗಳನ್ನು ಜೋಡಿಸುವ ನಡುವಿನ ಆಕ್ಸಲ್ ಬಿಚ್ಚಿ, ಫ್ರೇಮನ್ನು ತಲೆಕೆಳಗಾಗಿ ನಿಲ್ಲಿಸಿ, ಆ ತೂತಿನಿಂದಲೇ ಸೀಟಿನ ಪೈಪಿಗೆ ತುಕ್ಕು ಬಿಡಿಸುವ ಎಣ್ಣೆ ಸುರಿದೆ. ದಿನಾ ಸಂಜೆ ಇನ್ನಷ್ಟು ಎಣ್ಣೆ, ಸೀಟು ಹಿಡಿದು ಸ್ವಲ್ಪ ತಿರುವುವುದು. ಕೊನೆಗೊಂದು ದಿನ ಕಿರ್ರೆಂದು ಅಲುಗಿತು! ಪೈಪಿನ ಜೊತೆ ಅಂಗೈತುಂಬ ಕೆಂಪು ಪುಡಿ ಉದುರಿತು. ಬಿಚ್ಚುವಾಗ ಎಡ ಪೆಡಲಿನ ಥ್ರೆಡ್ ಉಲ್ಟಾ ಎಂಬುದನ್ನು ನೆನಪಿಡಬೇಕು. ಪೆಡಲಿನ ಕಾಲನ್ನು ಆಕ್ಸಲ್ಲಿಗೆ ಬಿಗಿಯುವ ಕಾಟರ್ ಪಿನ್ನಿಗೆ ಸುತ್ತಿಗೆ ಹಾಕುವ ಮೊದಲು ಚೈನ್ ಕವರಿಗೆ ದಪ್ಪ ಗೋಣಿ ಸುತ್ತಬೇಕು.

ಬಣ್ಣದ ಮೇಲಿನ ತುಕ್ಕಿನ ಕಲೆಗೆ ಆಕ್ಸಾಲಿಕ್ ಆಮ್ಲ ಬಳಸಿದೆ. ನಮ್ಮ ಹಿತ್ತಿಲಿನ ಬಿಂಬುಳಿಯ ಹುಳಿಕಾಯಿಯಲ್ಲಿರುವುದೂ ಇದೇ. ಬಟ್ಟೆಯ ಮೇಲಿನ ತುಕ್ಕಿನ ಕಲೆಗೆ ಆಯಿ ಅದರ ರಸವನ್ನೇ ತಿಕ್ಕುತ್ತಿದ್ದಳು. ಸೈಕಲ್ಲಿಗೆ ಮಾತ್ರ ಪುಡಿಯೇ ವಾಸಿ, ಅಳತೆ ನಮ್ಮ ಕೈಯಲ್ಲಿರುತ್ತದೆ. ಲೀಟರ್ ನೀರಿಗೆ 20 ಗ್ರಾಂ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ. ಇದು ವಿಷ, ಕೈಗವಸು ಬೇಕೇ ಬೇಕು, ಪುಡಿ ಮೂಗಿಗೆ ಹೋಗಬಾರದು. ಕೆಲವು ಕೆಂಪು, ಹಸಿರು ಬಣ್ಣಗಳನ್ನು ಇದು ಮಂಕಾಗಿಸುತ್ತದೆ. ಅದಕ್ಕೇ ಮೊದಲು ಫ್ರೇಮಿನ ಅಡಿಯಲ್ಲಿ, ಯಾರಿಗೂ ಕಾಣದ ಕಡೆ ಒಂದು ಚುಕ್ಕೆ ಹಚ್ಚಿ ನೋಡಿದೆ. ಮರೂನ್ ತಡೆದುಕೊಂಡಿತು. ಆಮೇಲೆ ಹತ್ತಿಯನ್ನು ಅದ್ದಿ ಕಲೆಯ ಮೇಲಷ್ಟೇ ಇಟ್ಟು, ಒಣಗದಂತೆ ಮೇಲೊಂದು ಪ್ಲಾಸ್ಟಿಕ್ ಹಾಳೆ ಮುಚ್ಚಿದೆ. ಆಗಾಗ ಎತ್ತಿ ನೋಡುತ್ತಿರಬೇಕು, ಹೆಚ್ಚು ಹೊತ್ತು ಬಿಟ್ಟರೆ ಹಳದಿ ಪದರ ಕೂರುತ್ತದೆ. ಕಲೆ ಹೋದೊಡನೆ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಒರೆಸಿ, ತೊಳೆದು, ಬಿಸಿಲಿಗೆ ಹಿಡಿದೆ. ಒದ್ದೆ ಬಿಟ್ಟರೆ ಬರಿ ಕಬ್ಬಿಣ ನೋಡನೋಡುತ್ತಿದ್ದಂತೆ ಮತ್ತೆ ಕೆಂಪಾಗುತ್ತದೆ.

ಹ್ಯಾಂಡಲ್ಲು, ರಿಮ್ಮುಗಳ ಕ್ರೋಮಿಗೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಸಾಕಾಯಿತು. ಮುದ್ದೆ ಮಾಡಿ ನೀರಲ್ಲಿ ಅದ್ದಿ ತಿಕ್ಕಬೇಕು. ಕ್ರೋಮಿಗಿಂತ ಮೆದುವಾದ್ದರಿಂದ ಗೀರು ಬೀಳುವುದಿಲ್ಲ.

ಮಂಕಾದ ಬಣ್ಣಕ್ಕೆ ನಯವಾದ ಪಾಲಿಶ್, ಅದೂ ಬಟ್ಟೆ ಸುತ್ತಿದ ಬೆರಳಿನಿಂದ, ಮೆಷಿನ್ ಬೇಡ. ಬಟ್ಟೆಗೆ ಮರೂನ್ ಹತ್ತುತ್ತದೆ, ಮೇಲಿನ ಸತ್ತ ಪದರ ಅದು. ಪೈಪುಗಳು ಕೂಡುವ ಅಂಚಿನಲ್ಲಿ ಪೇಂಟ್ ತೀರಾ ತೆಳು, ಅಲ್ಲಿ ಎರಡೇ ಸಲ ಕೈಯಾಡಿಸಿ ಬಿಟ್ಟೆ. ಬಂಗಾರದ ಗೆರೆಗೆ ಪಾಲಿಶ್ ತಾಗಿಸಲೇ ಇಲ್ಲ, ಮೇಣ ಮಾತ್ರ. ಕಬ್ಬಿಣ ಕಾಣುವ ಗೀರುಗಳಿಗೆ ಬಣ್ಣ ತುಂಬದೆ, ಪೇಂಟ್ ಅಂಗಡಿಯ ಕಾಯಿಸಿದ ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ ಒಣಗಲು ಬಿಟ್ಟೆ. ಆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಹೊತ್ತಿಕೊಳ್ಳಬಹುದು. ಹರಡಿ ಬಯಲಲ್ಲಿ ಒಣಗಿಸಿಯೇ ಬಿಸಾಡಬೇಕು.

ಟಯರು, ಟ್ಯೂಬು, ಬ್ರೇಕಿನ ರಬ್ಬರು, ಬೇರಿಂಗಿನ ಬಾಲ್ಸುಗಳೆಲ್ಲ ಹೊಸವು. ಅದರಲ್ಲಿ ನನಗೆ ಹಟವಿಲ್ಲ, ಸೈಕಲ್ ಓಡಬೇಕು, ನಿಲ್ಲಿಸಿದಲ್ಲಿ ನಿಲ್ಲಬೇಕು. ಈಗ ಅಣ್ಣನ ಮಗಳು ಓಡಿಸುತ್ತಾಳೆ. ಟ್ಯಾಗೋರ್ ಬೀಚಿನ ಕಡೆಗೆ ಹೋಗಿ ಬಂದರೆ ಅದೇ ಸಂಜೆ ಒದ್ದೆ ಬಟ್ಟೆ, ಹಿಂದೆಯೇ ಒಣ ಬಟ್ಟೆ. ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು, ಇನ್ನೊಂದು ಕೈ ಮೇಣ ಹಚ್ಚುತ್ತೇನೆ.