ಮೂಲಂಗಿ ಸೊಪ್ಪು, ಕುಂಬಳದ ಕುಡಿ: ನಾನು ಬಿಸಾಡದೆ ಅಡುಗೆ ಮಾಡುವ ರೀತಿ

ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಮೂಲಂಗಿ ತೂಗುವಾಗಲೇ ಕೇಳ್ತಾರೆ, "ಸೊಪ್ಪು ಮುರಿದು ಹಾಕ್ಲಾ ಅಕ್ಕಾ?" ಬೇಡ, ಹಾಗೇ ಕೊಡಿ ಅನ್ನುತ್ತೇನೆ. ಗಡ್ಡೆಯಲ್ಲಿ ಬಹುಪಾಲು ನೀರೇ. ಕ್ಯಾಲ್ಸಿಯಂ, ವಿಟಮಿನ್ ಸಿ ಎರಡೂ ಸೊಪ್ಪಿನಲ್ಲೇ ಹಲವು ಪಟ್ಟು ಜಾಸ್ತಿ. ಬೀಟ್‌ರೂಟ್ ಗಡ್ಡೆಯಲ್ಲೂ ಬೀಟಾ ಕ್ಯಾರೋಟಿನ್ ಇಲ್ಲ ಅನ್ನುವಷ್ಟು ಕಡಿಮೆ, ಎಲೆಯಲ್ಲಿ ಧಾರಾಳವಾಗಿದೆ. ದುಡ್ಡು ಕೊಟ್ಟ ಮೇಲೆ ಸತ್ವ ಇರೋ ಭಾಗವನ್ನೇ ಅಲ್ಲಿ ಬಿಟ್ಟು ಬರೋದು ಯಾಕೆ?

ಎಳೆ ಸೊಪ್ಪು ಮಾತ್ರ ಆರಿಸಿ, ಮಣ್ಣು ಹೋಗುವ ತನಕ ನೀರು ಬದಲಿಸಿ ತೊಳೆಯುತ್ತೇನೆ. ಸಾಸಿವೆ, ಬೆಳ್ಳುಳ್ಳಿ, ಹಸಿಮೆಣಸಿನ ಒಗ್ಗರಣೆಗೆ ಹೆಚ್ಚಿದ ಸೊಪ್ಪು ಹಾಕಿ ಮುಚ್ಚಿಟ್ಟರೆ ಅದರದೇ ನೀರಿನಲ್ಲಿ ಬೇಗ ಬೇಯುತ್ತದೆ. ಕುದಿಸಿ ನೀರು ಬಸಿಯಬೇಡಿ, ವಿಟಮಿನ್ ಸಿ ಆ ನೀರಿನ ಜೊತೆಗೇ ಹೋಗುತ್ತದೆ. ಕಹಿ ಅನಿಸಿದರೆ ಬೇಯಿಸಿದ ಹೆಸರುಬೇಳೆ ಒಂದು ಹಿಡಿ, ಸ್ವಲ್ಪ ತೆಂಗಿನತುರಿ. ಒಲೆ ಆರಿಸಿದ ಮೇಲೆ ನಿಂಬೆರಸ ಹಿಂಡಿ, ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಅದು ನೆರವಾಗುತ್ತದೆ. ಅಕ್ಕಿ ಒಟ್ಟಿ, ಅಂದರೆ ನಮ್ಮ ಕಡೆಯ ಅಕ್ಕಿ ರೊಟ್ಟಿ, ಅದರ ಜೊತೆ ಈ ಪಲ್ಯ ತುಂಬಾ ಚೆನ್ನಾಗಿರುತ್ತದೆ. ಆದರೆ ಉಂಡ ತಕ್ಷಣ ಕಾಫಿ ಕುಡಿದರೆ ಆ ಕಬ್ಬಿಣದಲ್ಲಿ ಒಂದಷ್ಟು ಮೈಗೆ ಸೇರುವುದಿಲ್ಲ. ಕಾಫಿ ತೋಟದ ಮನೆಯಲ್ಲಿ ಇದನ್ನು ಹೇಳಿ ಒಪ್ಪಿಸೋದು ಸುಲಭ ಅಲ್ಲ, ಆದರೂ ನಮ್ಮನೆಯಲ್ಲಿ ಊಟಕ್ಕೂ ಕಾಫಿಗೂ ಒಂದು ಗಂಟೆ ಅಂತರ ಇಟ್ಟಿದ್ದೇವೆ.

ಕುಂಬಳದ ಬಳ್ಳಿ ನನಗೆ ಇನ್ನೂ ಇಷ್ಟ, ಅದರಲ್ಲಿ ಬಿಸಾಡುವಂಥದ್ದು ಬಹಳ ಕಡಿಮೆ. ಮಳೆಗಾಲದಲ್ಲಿ ತರಕಾರಿ ದುಬಾರಿಯಾದಾಗ ಹಿತ್ತಲಿನ ಬಳ್ಳಿಯ ಕುಡಿ ಚಿವುಟಿ ತರುತ್ತೇನೆ. ಚಿವುಟಿದ ಕಡೆ ಪಕ್ಕದಲ್ಲಿ ಹೊಸ ಕವಲು ಒಡೆಯುತ್ತದೆ. ದಂಟಿನ ತುದಿ ಮುರಿದು ಕೆಳಗೆ ಎಳೆದರೆ ನಾರು ಉದ್ದಕ್ಕೆ ಸುಲಿದು ಬರುತ್ತದೆ, ಎಲೆಯ ಮೇಲಿನ ಸುಂಕು ಬೆಂದ ಮೇಲೆ ಗೊತ್ತೇ ಆಗುವುದಿಲ್ಲ. ಹೂವನ್ನೂ ಪಲ್ಯಕ್ಕೆ ಹಾಕಬಹುದು. ಬುಡದಲ್ಲಿ ಪುಟ್ಟ ಕಾಯಿ ಇರುವುದು ಹೆಣ್ಣು ಹೂ, ಅದನ್ನು ಮುಟ್ಟಬೇಡಿ. ಉದ್ದ ತೊಟ್ಟಿನ ಗಂಡು ಹೂವನ್ನೇ ಕೊಯ್ಯಿರಿ, ಪರಾಗಕ್ಕೆ ಅಂತ ಕೆಲವು ಬಿಡಿ.

ಕಡಂಬುಟ್ಟಿನ (ಹಬೆಯಲ್ಲಿ ಬೇಯಿಸಿದ ಅಕ್ಕಿತರಿ ಉಂಡೆ) ಜೊತೆಗೆ ಕುಂಬಳ ಕರಿ ಮಾಡಿದ ದಿನ ಬೀಜ ಎತ್ತಿಡುತ್ತೇನೆ. ಮಳೆಯಲ್ಲಿ ಬಿಸಿಲು ಎಲ್ಲಿಂದ ಬರಬೇಕು? ನಮ್ಮತ್ತೆ ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುತ್ತಿದ್ದರು, ನಾನೂ ಹಾಗೇ ಮಾಡುತ್ತೇನೆ. ಸಿಪ್ಪೆ ಬಿಡಿಸಿದ 100 ಗ್ರಾಂ ಬೀಜದಲ್ಲಿ ಸುಮಾರು 30 ಗ್ರಾಂ ಪ್ರೋಟೀನ್ ಇದೆ, ಜೊತೆಗೆ ಮೆಗ್ನೀಸಿಯಂ, ಸತು. ಹುರಿದು ಒಣಮೆಣಸಿನ ಜೊತೆ ಚಟ್ನಿಪುಡಿ ಮಾಡಿಟ್ಟರೆ ಮಕ್ಕಳು ಕೇಳಿ ಹಾಕಿಸಿಕೊಳ್ಳುತ್ತಾರೆ.

ಎಲ್ಲವನ್ನೂ ತಿನ್ನಬಹುದು ಅಂತಲ್ಲ. ಹಸಿರು ತಿರುಗಿದ ಆಲೂಗಡ್ಡೆ ಸಿಪ್ಪೆ, ಅದರ ಮೊಳಕೆ ವಿಷ, ಬೇಯಿಸಿದರೂ ಹೋಗುವುದಿಲ್ಲ. ಬೀಟ್‌ರೂಟ್ ಎಲೆಯಲ್ಲಿ ಆಕ್ಸಲೇಟ್ ಜಾಸ್ತಿ, ಕಿಡ್ನಿ ಕಲ್ಲು ಇರುವವರು ಡಾಕ್ಟರನ್ನು ಕೇಳಿಯೇ ತಿನ್ನಿ. ಇನ್ನು ತೋಟದವರಿಗೆ ಒಂದು ಮಾತು: ಕಾಫಿಗೆ, ಕರಿಮೆಣಸಿಗೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಶಿಲೀಂಧ್ರನಾಶಕ) ಹೊಡೆದ ಕಡೆ ಹಬ್ಬಿದ ಬಳ್ಳಿಯಿಂದ ಕುಡಿ ಕೊಯ್ಯಬೇಡಿ, ಅಡುಗೆಗೆ ಬೇಕಾದ ಬಳ್ಳಿಯನ್ನು ಮನೆಯ ಹತ್ತಿರ ಬೇರೆಯಾಗಿ ಹಾಕಿಕೊಳ್ಳಿ.